ಸೆಮಿಸ್ಟರ್ ಬಿಡು ಎನ್ನುವವರಿಗೆ ನಮ್ಮ ಪ್ರಶ್ನೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕುಸ್ತಿ ಹಿಡಿಯುವ, ಓಡುವ ಡಿಗ್ರಿ ಮಕ್ಕಳಿಗೆ ಸಲಹೆ ಕೊಡುವವರಿಗೆ ಬರವಿಲ್ಲ: 'ಒಂದು ಸೆಮಿಸ್ಟರ್ ಬಿಡು, ಬೆಳಗಾವಿ ಕಾಲೇಜಿಗೆ ಹೋಗು.' ಹೀಗೆ ಹೇಳುವವರನ್ನು ನಾವು ಕೇಳುತ್ತೇವೆ: ಆಮೇಲೆ ಆಡಿಸುವವರು ಯಾರು?

ಅಂತರ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆಡಬೇಕಾದರೆ ರೆಗ್ಯುಲರ್ ವಿದ್ಯಾರ್ಥಿಯೇ ಆಗಿರಬೇಕು. ವಯಸ್ಸಿನ ಮಿತಿಯೂ ಇದೆ. ಆಟಕ್ಕೆಂದು ಓದು ಬಿಟ್ಟರೆ ಆಟವೂ ಕೈತಪ್ಪುತ್ತದೆ. ಹುಡುಗಿ ಆರು ತಿಂಗಳು ಮನೆಯಲ್ಲಿ ಕೂತರೆ ವರ ನೋಡಲು ಶುರು ಮಾಡುತ್ತಾರೆ.

ಕಾಲೇಜು ಬದಲಿಸುವುದು ತಪ್ಪಲ್ಲ. ಒಳ್ಳೆಯ ಕೋಚ್ ಇರುವಲ್ಲಿಗೆ ಹೋಗಲಿ. ಆದರೆ ಅಲ್ಲಿ ಸೀಟು, ಹಾಸ್ಟೆಲ್ ಖಚಿತವಾಗುವ ಮೊದಲು ಟಿಸಿ ತೆಗೆಸಬೇಡಿ. ನಡೆಯುತ್ತಿರುವ ಸೆಮಿಸ್ಟರಿನ ಪರೀಕ್ಷೆ ಬರೆದೇ ಹೋಗಲಿ. ಹಳೆ ಅಂಕ, ವಿಷಯಗಳು ಹೊಸ ಕಾಲೇಜಿನಲ್ಲಿ ಹೊಂದುತ್ತವೆಯೇ ಎಂದು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲಿ ಮೊದಲೇ ಕೇಳಿ, ಲಿಖಿತ ಉತ್ತರ ಪಡೆಯಿರಿ.

ಬಹಳ ಮಕ್ಕಳು ಸೆಮಿಸ್ಟರ್ ಬಿಡುವ ಯೋಚನೆಗೆ ಬರುವುದೇ ಹಾಜರಿ ಕಾಟಕ್ಕೆ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಹೋದವರನ್ನು ಗೈರು ಎಂದು ಬರೆಯುವುದು ಯಾವ ನ್ಯಾಯ?

ನಮ್ಮ ಜಿಲ್ಲೆಯ ಮಲಪ್ರಭಾ ಜಾಧವ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಕಂಚು ಗೆದ್ದಾಗ ಎಲ್ಲರೂ ಹೆಮ್ಮೆಪಟ್ಟೆವು. ಪದಕ ಬಂದಾಗ ಹಾರ ಹಾಕುವ ಕಾಲೇಜು, ಪಂದ್ಯದ ದಿನ ಹಾಜರಿಯನ್ನೂ ಹಾಕಲಿ.