ಆಟಕ್ಕುಂಟು, ಲೆಕ್ಕಕ್ಕೂ ಉಂಟು



ದಸರಾ ರಜೆಗೆ ಬಂದಿದ್ದ ನನ್ನ ಮೊಮ್ಮಗ ಒಂದು ಸಂಜೆ ಮೊಬೈಲನ್ನು ನನ್ನ ಕೈಗಿತ್ತು, "ತಾತ, ಇದನ್ನು ನೋಡಿ" ಎಂದ. ಒಂದು ಕೊಳ, ಅದರಲ್ಲಿ ಮಾರುದ್ದದ ಆರೇಳು ಯುದ್ಧನೌಕೆಗಳು, ದಡದಲ್ಲಿ ರಿಮೋಟ್ ಹಿಡಿದು ನಿಂತ ನನ್ನ ವಯಸ್ಸಿನವರು. ಪಟಪಟ ಸದ್ದಾಯಿತು. ಒಂದು ನೌಕೆ ಪಕ್ಕಕ್ಕೆ ವಾಲಿ ಮುಳುಗಿತು. ಅದನ್ನು ಕಟ್ಟಿದಾತ ಗಟ್ಟಿಯಾಗಿ ನಕ್ಕ.

"ವರ್ಷಗಟ್ಟಲೆ ಕೂತು ಕಟ್ಟಿ ಒಂದು ಗಳಿಗೆಯಲ್ಲಿ ಮುಳುಗಿಸುವುದೆ? ಕೆಲಸವಿಲ್ಲದವರ ಹುಚ್ಚು" ಎಂದುಬಿಟ್ಟೆ. ಹುಡುಗ ಮೊಬೈಲನ್ನು ಹಿಂದಕ್ಕೆ ಪಡೆದು ಮಾತಿಲ್ಲದೆ ಎದ್ದುಹೋದ. ಅವನು ಎದ್ದುಹೋದ ರೀತಿ ನನಗೆ ಮೂವತ್ತು ವರ್ಷಕ್ಕೂ ಹಿಂದಿನ ಇನ್ನೊಬ್ಬ ಹುಡುಗನನ್ನು ನೆನಪಿಗೆ ತಂದಿತು. ಆ ರಾತ್ರಿ ನಿದ್ದೆ ಬರಲಿಲ್ಲ. ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಕ್ಕಾಗಿ ಈ ಬರಹ.

ಮೊದಲು ಆಟದ ಪರಿಚಯ. 1970ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತ್ಯದಲ್ಲಿ ಇದು ಬೇರೂರಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ನಿಜವಾದ ಯುದ್ಧನೌಕೆಯೊಂದರ ನಕ್ಷೆಯನ್ನು ಹಿಡಿದು, 144ರಲ್ಲಿ ಒಂದು ಪಾಲಿನ ಅಳತೆಯಲ್ಲಿ ಮಾದರಿಯನ್ನು ಕಟ್ಟುತ್ತಾರೆ. ಪಕ್ಕೆಲುಬಿನಂತಹ ಚೌಕಟ್ಟಿನ ಮೇಲೆ ಬಾಲ್ಸಾ ಎಂಬ ಹಗುರ ಮರದ ಹಾಳೆ. ಅದು ಒಂದು ಮಿಲಿಮೀಟರಿಗಿಂತ ತೆಳು. ಪುಟ್ಟ ಫಿರಂಗಿಗಳು ಅನಿಲದ ಒತ್ತಡದಿಂದ ಉಕ್ಕಿನ ಸಣ್ಣ ಗುಂಡುಗಳನ್ನು ಹಾರಿಸುತ್ತವೆ. ತೂತಿನಿಂದ ನುಗ್ಗಿದ ನೀರನ್ನು ಒಳಗಿನ ಪಂಪು ಹೊರಹಾಕುತ್ತದೆ. ಪಂಪು ಸೋತರೆ ನೌಕೆ ಮುಳುಗುತ್ತದೆ. ನಿಜವಾದ ನೌಕೆ ಎಂತಹದೋ ಅದಕ್ಕೆ ತಕ್ಕಷ್ಟೇ ಫಿರಂಗಿ, ಅದಕ್ಕೆ ತಕ್ಕಷ್ಟೇ ವೇಗ ಎಂಬುದು ನಿಯಮ. ಮುಳುಗಿದ್ದನ್ನು ಮೇಲೆತ್ತಿ, ಒಣಗಿಸಿ, ತೂತಿಗೆ ತೇಪೆ ಹಾಕಿ ಮತ್ತೆ ನೀರಿಗಿಳಿಸುತ್ತಾರೆ. ದೂರದಿಂದ ದೋಣಿ ನಡೆಸುವ ವಿದ್ಯೆಯಾದರೋ ಇನ್ನೂ ಹಳೆಯದು: 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ನೀರಿನ ತೊಟ್ಟಿಯೊಂದರಲ್ಲಿ ರೇಡಿಯೊ ಅಲೆಗಳಿಂದ ದೋಣಿಯನ್ನು ನಡೆಸಿ ತೋರಿಸಿದ್ದ.

ಮರುದಿನ ಬೆಳಿಗ್ಗೆ ಮೊಮ್ಮಗನನ್ನು ಕರೆದು ಜಗುಲಿಯಲ್ಲಿ ಕೂರಿಸಿಕೊಂಡೆ. "ನಮ್ಮ ಮೈಸೂರನ್ನೇ ಕಟ್ಟೋಣವೇನೋ?" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬ್ರಿಟನ್ನಿನಲ್ಲಿ 1939ರಲ್ಲಿ ನೈಜೀರಿಯಾ ಎಂಬ ಹೆಸರಿನಿಂದ ನೀರಿಗಿಳಿದ ಕ್ರೂಸರ್ ನೌಕೆಯೊಂದು 1957ರಲ್ಲಿ ನಮ್ಮ ನೌಕಾಪಡೆಗೆ ಸೇರಿ ಐಎನ್‌ಎಸ್ ಮೈಸೂರು ಆಯಿತು. ಗಂಡಭೇರುಂಡ ಅದರ ಲಾಂಛನ. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಧ್ವಜನೌಕೆಯಾಗಿತ್ತು, 1985ರಲ್ಲಿ ನಿವೃತ್ತವಾಯಿತು. ಅದರ ಉದ್ದ ಸುಮಾರು 169 ಮೀಟರು, ತೂಕ ಸುಮಾರು 8,500 ಟನ್ನು.

"ಉದ್ದವನ್ನು 144ರಿಂದ ಭಾಗಿಸು" ಎಂದೆ. 117 ಸೆಂಟಿಮೀಟರು ಬಂತು. "ಈಗ ತೂಕ?" ಅವನು ಅದನ್ನೂ 144ರಿಂದ ಭಾಗಿಸಿ, "59 ಟನ್ನು" ಎಂದವನೇ ತಾನೇ ನಕ್ಕುಬಿಟ್ಟ. ಮಾರುದ್ದದ ದೋಣಿ 59 ಟನ್ನು ತೂಗುವುದುಂಟೆ! ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 144ನ್ನು ಮೂರು ಬಾರಿ ಗುಣಿಸಿ ಭಾಗಿಸಬೇಕು. ಆಗ ಬರುವುದು ಮೂರು ಕಿಲೋಗಿಂತ ತುಸು ಕಡಿಮೆ. ಆ ಮೂರು ಕಿಲೋದೊಳಗೆ ಮೋಟಾರು, ಬ್ಯಾಟರಿ, ಪಂಪು, ರೇಡಿಯೊ ಎಲ್ಲವೂ ಅಡಗಬೇಕು. ಮೀರಿದರೆ ನೀರು ಅಂಚಿಗೆ ಬರುತ್ತದೆ. ಘನಫಲದ ಪಾಠವನ್ನು ನಾನು ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಬರೆದೆ. ತಪ್ಪನ್ನು ಯಾರೂ ಹೇಳುವ ಮೊದಲೇ ಕಂಡು ನಕ್ಕ ಮುಖವನ್ನು ತರಗತಿಯಲ್ಲಿ ಕಂಡದ್ದು ಬಹಳ ವಿರಳ.

ಈಗ ಆ ಇನ್ನೊಬ್ಬ ಹುಡುಗನ ಮಾತು. 1991ನೆಯ ಇಸವಿ. ಶಿಡ್ಲಘಟ್ಟ ಕಡೆಯ ಶಾಲೆಯೊಂದರಲ್ಲಿ ನಾನು ಒಂಬತ್ತನೆಯ ತರಗತಿಗೆ ಭೌತಶಾಸ್ತ್ರ ಬೋಧಿಸುತ್ತಿದ್ದೆ. ಅದೇ ವರ್ಷ ಗೌರಿಬಿದನೂರು ಬಳಿಯ ರೇಡಿಯೊ ದೂರದರ್ಶಕವನ್ನು ತೋರಿಸಲು ಮಕ್ಕಳನ್ನು ಕರೆದೊಯ್ದು, ಪ್ರಶ್ನೆ ಕೇಳಿ, ಪ್ರಯೋಗ ಮಾಡಿ ಎಂದು ಉಪದೇಶಿಸಿದವನೂ ನಾನೇ. ಒಂದು ಮಧ್ಯಾಹ್ನ ಆರ್ಕಿಮಿಡೀಸನ ತತ್ತ್ವ ಹೇಳುತ್ತಿದ್ದಾಗ ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗನೊಬ್ಬ ತರಗತಿಯಲ್ಲಿರಲಿಲ್ಲ. ಕೆರೆಯ ಕಡೆ ಹೋದನೆಂದು ತಿಳಿದು ಹೋಗಿ ನೋಡಿದೆ. ಅವನು ಒಣಗಿದ ಕತ್ತಾಳೆ ಕಂಬದ ಬೆಂಡಿನಲ್ಲಿ ದೋಣಿ ಮಾಡಿ, ಕೆಟ್ಟ ಟೇಪ್ ರೆಕಾರ್ಡರಿನ ಮೋಟಾರು ಕೂರಿಸಿ, ಉದ್ದನೆಯ ವೈರಿನ ತುದಿಯಲ್ಲಿ ಸ್ವಿಚ್ಚು ಹಿಡಿದು ಅದನ್ನು ಓಡಿಸುತ್ತಿದ್ದ. ನಾನು ಅವನ ಕಿವಿ ಹಿಂಡಿ, ದೋಣಿಯನ್ನು ಕಿತ್ತುಕೊಂಡು, ಎಲ್ಲರ ಮುಂದೆ "ದೋಣಿ ನಡೆಸಿ ಹೊಟ್ಟೆ ಹೊರೆಯುತ್ತೀಯೇನೋ?" ಎಂದು ಹಂಗಿಸಿದೆ. ಅವನು ಮಾತಿಲ್ಲದೆ ಹೋಗಿ ತನ್ನ ಜಾಗದಲ್ಲಿ ಕೂತ.

ದೋಣಿ ಕೆಲವು ತಿಂಗಳು ಉಪಾಧ್ಯಾಯರ ಕೊಠಡಿಯ ಬೀರುವಿನ ಮೇಲಿತ್ತು. ಒಂದು ದಿನ ಧೂಳು ಒರೆಸುವಾಗ ತಿರುಗಿಸಿ ನೋಡಿದೆ. ತಳಕ್ಕೆ ಅಂಗಡಿಯ ತಕ್ಕಡಿಯ ತೂಕದ ಬಟ್ಟೊಂದನ್ನು ತಂತಿಯಿಂದ ಬಿಗಿದಿದ್ದ. ಅದು ಸರಿಯಾಗಿ ನಡುಗೆರೆಯ ಮೇಲಿತ್ತು. ಮೇಲೆ ಮೋಟಾರಿನ ಭಾರವಿದ್ದರೆ ಕೆಳಗೂ ಭಾರ ಬೇಕೆಂಬುದನ್ನು ಅವನು ಕೆರೆಯಿಂದಲೇ ಕಲಿತಿದ್ದ. 1628ರಲ್ಲಿ ಸ್ವೀಡನ್ ದೇಶದ ರಾಜನೌಕೆ ವಾಸಾ ಮೊದಲ ಯಾನದಂದೇ, ಬಂದರನ್ನು ದಾಟುವ ಮೊದಲೇ ಮಗುಚಿದ್ದು ಇದೇ ಲೆಕ್ಕ ತಪ್ಪಿ: ಮೇಲೆ ಫಿರಂಗಿಗಳ ಭಾರ ಹೆಚ್ಚು, ಕೆಳಗೆ ಭಾರ ಸಾಲದು. ನಾನು ದೋಣಿಯನ್ನು ಹಿಂದಿರುಗಿಸೋಣವೆಂದುಕೊಳ್ಳುವ ಹೊತ್ತಿಗೆ ಹುಡುಗ ಶಾಲೆ ಬಿಟ್ಟಾಗಿತ್ತು. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ. ಅಲ್ಲವೆಂದು ಹೇಳುವ ಧೈರ್ಯವೂ ನನಗಿಲ್ಲ.

ಈ ಆಟಕ್ಕೆ ಆಕ್ಷೇಪಗಳಿವೆ. ಯುದ್ಧವನ್ನು ಆಟ ಮಾಡುವುದು ತರವೆ ಎಂದು ನನ್ನ ಶ್ರೀಮತಿಯೇ ಕೇಳಿದಳು. ಕ್ರಿಸ್ತಪೂರ್ವ 46ರಲ್ಲಿ ಜೂಲಿಯಸ್ ಸೀಸರ್ ರೋಮಿನಲ್ಲಿ ಕೊಳ ತೋಡಿಸಿ, ಸೆರೆಯಾಳುಗಳನ್ನು ನೌಕೆಗಳಲ್ಲಿ ಕಾದಾಡಿಸಿ ಜನರಿಗೆ ಮನರಂಜನೆ ಒದಗಿಸಿದ. ಅಲ್ಲಿ ಸತ್ತವರು ಮನುಷ್ಯರು. ಇಲ್ಲಿ ಗಾಯವಾಗುವುದು ಬಾಲ್ಸಾ ಹಾಳೆಗೆ, ಮತ್ತು ಕಟ್ಟಿದವನ ಜಂಬಕ್ಕೆ. ಗೆದ್ದವನೇ ಸೋತವನ ನೌಕೆ ಹುಡುಕಲು ನೀರಿಗಿಳಿಯುವ ಆಟ ದ್ವೇಷವನ್ನು ಕಲಿಸಲಾರದು. ಆದರೂ ಉಕ್ಕಿನ ಗುಂಡು ಕಣ್ಣಿಗೆ ಅಪಾಯವೆಂಬುದು ನಿಜ. ಅದು ನಮಗೆ ಬೇಡ. ದೋಣಿಯ ಮೂತಿಗೊಂದು ಗುಂಡುಸೂಜಿ, ಹಿಂಭಾಗಕ್ಕೊಂದು ಬಲೂನು ಕಟ್ಟಿ, ಎದುರಾಳಿಯ ಬಲೂನು ಒಡೆಯುವ ಆಟ ಸಾಕು. ಖರ್ಚಿನ ಆಕ್ಷೇಪಕ್ಕೂ ಉತ್ತರ ಇದರಲ್ಲೇ ಇದೆ.

ಇನ್ನು, ಸಮುದ್ರವಿಲ್ಲದ ನಾಡಿನವರಿಗೆ ನೌಕೆ ಏಕೆ ಎಂಬ ಮಾತು. ಪಿನಾಕಿನಿ, ಪಾಲಾರ್, ಅರ್ಕಾವತಿಗಳು ಹುಟ್ಟುವ ನಂದಿಯ ಮಗ್ಗುಲಲ್ಲಿದ್ದೂ ನಾವು ಬತ್ತಿದ ಕೆರೆಗಳನ್ನೇ ಹೆಚ್ಚಾಗಿ ಕಂಡವರು. ಎಚ್‌.ಎನ್. ವ್ಯಾಲಿ ಯೋಜನೆಯಿಂದ ಈಗ ನಮ್ಮ ಹಲವು ಕೆರೆಗಳಿಗೆ ನೀರು ಬರುತ್ತಿದೆಯಾದರೂ ಅದು ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು; ಅದರಲ್ಲಿ ಮಕ್ಕಳನ್ನು ಆಡಬಿಡಿ ಎನ್ನಲಾರೆ. ಶಾಲೆಯ ಅಂಗಳದಲ್ಲೊಂದು ಸಿಮೆಂಟಿನ ತೊಟ್ಟಿ ಸಾಕು. ಎನ್‌ಸಿಸಿಯ ನೌಕಾ ವಿಭಾಗದಲ್ಲಿ ನೌಕಾ ಮಾದರಿ ಕಟ್ಟುವುದು ತರಬೇತಿಯ ಅಂಗ. ಅಖಿಲ ಭಾರತ ನೌ ಸೈನಿಕ ಶಿಬಿರದಲ್ಲಿ ಅದಕ್ಕೆ ಸ್ಪರ್ಧೆಯೇ ಇದೆ. ಬೆಂಗಳೂರು, ಮಂಗಳೂರುಗಳ ಮಕ್ಕಳಿಗೆ ದೊರೆಯುವ ಈ ಭಾಗ್ಯ ಚಿಂತಾಮಣಿಯ ಮಗುವಿಗೆ ಏಕೆ ಬೇಡ?

ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮ್ಮ ಪಕ್ಕದಲ್ಲೇ ಇದೆ. ಪ್ರತಿ ಸೆಪ್ಟೆಂಬರ್ 15ರಂದು ಭಾಷಣಗಳಾಗುತ್ತವೆ, ವಿಜ್ಞಾನ ಪ್ರದರ್ಶನಗಳಲ್ಲಿ ಅಂಗಡಿಯಿಂದ ತಂದ ಥರ್ಮಾಕೋಲಿನ ಮಾದರಿಗಳಿಗೆ ಬಹುಮಾನ ಬರುತ್ತದೆ, ನಾನೇ ಕೊಟ್ಟಿದ್ದೇನೆ. ಅಂತಹ ಮಾದರಿಯಲ್ಲಿ ಸುಳ್ಳು ನಿಲ್ಲುತ್ತದೆ. ನೀರಿನಲ್ಲಿ ಸುಳ್ಳು ನಿಲ್ಲುವುದಿಲ್ಲ. ಇಂದು ಮೇಷ್ಟ್ರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ವರ್ಷಕ್ಕೊಮ್ಮೆ ಮಕ್ಕಳಿಂದ ದೋಣಿ ಕಟ್ಟಿಸಿ, ಕಾದಾಡಲು ಬಿಡಿ, ಮುಳುಗಿದ್ದನ್ನು ಅವರ ಕೈಯಿಂದಲೇ ತೇಪೆ ಹಾಕಿಸಿ. ಬಣ್ಣಕ್ಕೆ ಅಂಕ ಬೇಡ. ಎರಡನೆಯ ಬಾರಿ ತೇಲಿದ್ದಕ್ಕೆ ಕೊಡಿ.

ನಾನೂ ಮೊಮ್ಮಗನೂ ಮೊದಲ ದೋಣಿಯನ್ನು ಮನೆಯ ನೀರಿನ ತೊಟ್ಟಿಗೆ ಇಳಿಸಿದೆವು. ಎಡಕ್ಕೆ ವಾಲಿ ಮುಳುಗಿತು. ತಳಕ್ಕೆ ಏನು ಕಟ್ಟಬೇಕೆಂದು ನನಗೆ ಗೊತ್ತಿತ್ತು. ಹೇಳಿಕೊಟ್ಟವನು ಯಾರೆಂದು ಮೊಮ್ಮಗನಿಗೆ ತಿಳಿಸಿದೆ.

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ, ನಿನ್ನ ಹೆಸರನ್ನು ನಾನು ಮರೆತಿಲ್ಲ. ದೋಣಿ ಮಾತ್ರ ನನ್ನ ಬಳಿ ಉಳಿದಿಲ್ಲ, ಕ್ಷಮಿಸು. ಒಮ್ಮೆ ಮನೆಗೆ ಬಾ. ತೊಟ್ಟಿಯಲ್ಲಿ ನೀರಿದೆ.