ಹಳೆಯ ಗಣಕವನ್ನು ಗುಜರಿಗೆ ಹಾಕುವ ಮುನ್ನ

ನಮ್ಮ ಊರುಗಳ ಶಾಲೆ, ಸಹಕಾರ ಸಂಘ ಹಾಗೂ ಮನೆಗಳಲ್ಲಿರುವ ಎಷ್ಟೋ ಗಣಕಯಂತ್ರಗಳು ವಿಚಿತ್ರ ಸ್ಥಿತಿಯಲ್ಲಿವೆ. ಅವು ಕೆಟ್ಟಿಲ್ಲ, ಗುಂಡಿ ಒತ್ತಿದರೆ ಇಂದಿಗೂ ಏಳುತ್ತವೆ. ಆದರೂ ಅವುಗಳ ಆಯುಷ್ಯ ಮುಗಿಯಿತೆಂಬ ತೀರ್ಪು ದೂರದಿಂದ ಬಂದಿದೆ. 2015ರಲ್ಲಿ ಬಿಡುಗಡೆಯಾದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮತ್ತೊಂದು ವರ್ಷ ಭದ್ರತಾ ತಿದ್ದುಪಡಿಗಳನ್ನು ಒದಗಿಸುವುದಾಗಿ ಪ್ರಕಟಿಸಿತು, ಅಷ್ಟೆ. 2021ರಲ್ಲಿ ಬಂದ ವಿಂಡೋಸ್ 11 ಅನ್ನು ಹಾಕಿಕೊಳ್ಳೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು, ಹೊಸ ಪೀಳಿಗೆಯ ಪ್ರೊಸೆಸರ್ ಬೇಕು. ಸ್ಥೂಲವಾಗಿ ಹೇಳುವುದಾದರೆ 2017ಕ್ಕಿಂತ ಹಿಂದಿನ ಯಂತ್ರಗಳಿಗೆ ಅಲ್ಲಿ ಪ್ರವೇಶವಿಲ್ಲ.

ಕಾರ್ಯಾಚರಣ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ತೋಟದಲ್ಲಿ ನೀರು ತಿರುಗಿಸುವವನ ಹಾಗೆ. ಯಾವ ಸಾಲಿಗೆ ಎಷ್ಟು ನೀರೆಂದು ಅವನು ನೋಡಿಕೊಳ್ಳುವಂತೆ, ಗಣಕದ ಸ್ಮೃತಿಯನ್ನೂ ಮುದ್ರಣಯಂತ್ರವನ್ನೂ ಯಾವ ತಂತ್ರಾಂಶಕ್ಕೆ ಯಾವಾಗ ಒದಗಿಸಬೇಕೆಂದು ಇದು ನಿರ್ಧರಿಸುತ್ತದೆ. ನೀರು ತಿರುಗಿಸುವವನು ಕೆಲಸ ಬಿಟ್ಟನೆಂದು ತೋಟವನ್ನು ಯಾರೂ ಮಾರುವುದಿಲ್ಲ.

ಬದಲಿ ವ್ಯವಸ್ಥೆ ಇದೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಬರೆಯಲಾರಂಭಿಸಿದ ಲಿನಕ್ಸ್, ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಸೇರಿ ಬೆಳೆಯಿತು. ಉಬುಂಟು, ಡೆಬಿಯನ್, ಲಿನಕ್ಸ್ ಮಿಂಟ್ ಮೊದಲಾದವು ಇದೇ ಕುಲದವು. ಹಣ ಕೊಡಬೇಕಾಗಿಲ್ಲ ಎಂಬುದಕ್ಕಿಂತಲೂ, ಪ್ರತಿ ಮಾಡಿ ನೆರೆಯವರಿಗೆ ಹಂಚಲು ಅಡ್ಡಿಯಿಲ್ಲ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಬೀಜ ಉಳಿಸಿಕೊಂಡು ಹಂಚುವ ರೈತರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ. ನೆರೆಯ ಕೇರಳವು ತನ್ನ ಸರ್ಕಾರಿ ಶಾಲೆಗಳಲ್ಲಿ 2000ರ ದಶಕದಲ್ಲಿಯೇ ಈ ದಾರಿ ಹಿಡಿದು ಇಂದಿಗೂ ಮುಂದುವರಿದಿದೆ.

ನನ್ನ ಬಳಿ 2014ರ ಮಡಿಲಗಣಕವೊಂದಿದೆ. ಸ್ಮೃತಿ 4 ಜಿಬಿ. ವಿಂಡೋಸ್‌ನಲ್ಲಿ ಅದು ಏಳುವಷ್ಟರಲ್ಲಿ ಕಾಫಿ ಕುಡಿದು ಮುಗಿಯುತ್ತಿತ್ತು. ಹಳೆಯ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಅಳವಡಿಸಿದೆ. ಪತ್ರ, ಲೆಕ್ಕದ ಹಾಳೆಗಳಿಗೆ ಲಿಬ್ರೆಆಫೀಸ್, ನಕ್ಷೆಗೆ ಕ್ಯೂಜಿಐಎಸ್, ಪ್ರಯೋಗ ತಾಕುಗಳ ಸಂಖ್ಯಾಶಾಸ್ತ್ರಕ್ಕೆ ಆರ್. ವೃತ್ತಿಯ ಕೆಲಸವೆಲ್ಲ ಅದರಲ್ಲಿಯೇ ಸಾಗುತ್ತಿದೆ. ನವೀಕರಣಗಳನ್ನು ಅದು ನಾನು ಹೇಳಿದಾಗ ಮಾತ್ರ ಇಳಿಸಿಕೊಳ್ಳುತ್ತದೆ. ಗುಡ್ಡದ ನೆತ್ತಿಗೆ ಹೋಗಿ ಮೊಬೈಲಿನಿಂದ ಅಂತರಜಾಲ ಪಡೆಯುವವರಿಗೆ ಇದು ಸಣ್ಣ ಉಪಕಾರವಲ್ಲ. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ: ಹಳೆಯ ಮುದ್ರಣಯಂತ್ರವನ್ನು ಅದಕ್ಕೆ ಒಗ್ಗಿಸಲು ಎರಡು ಸಂಜೆಗಳು ಹಿಡಿದವು.

ನಿಜವಾಗಿ ಬೆವರಿಳಿಸಿದ್ದು ಕನ್ನಡ. ಟೈಪಿಸುವುದು ಕಷ್ಟವಲ್ಲ, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ನಮ್ಮ ಕೈಗೆ ಒಗ್ಗಿದ ಕೀಲಿಮಣೆ ವಿನ್ಯಾಸವು ಲಿನಕ್ಸ್‌ನಲ್ಲಿಯೂ ಕೆಜಿಪಿ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಕಷ್ಟವಿರುವುದು ಹಳೆಯ ಕಡತಗಳಲ್ಲಿ. ನನ್ನ ಹತ್ತು ವರ್ಷಗಳ ಮಳೆ ದಾಖಲೆ, ನಾಟಿ ಭತ್ತದ ತಳಿಗಳ ಟಿಪ್ಪಣಿ ಎಲ್ಲವೂ ನುಡಿಯ ಹಳೆಯ ಅಕ್ಷರಶೈಲಿಯಲ್ಲಿದ್ದವು. ಆ ಕಾಲದಲ್ಲಿ ಕನ್ನಡದ ಅಕ್ಷರವೆಂದು ತೆರೆಯ ಮೇಲೆ ಕಂಡದ್ದು ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತವಾಗಿತ್ತು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದಾಗ ತಳಿಯ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಲಿಪಿ ಕುಳಿತಿತ್ತು. ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದೆ. ಆದರೂ ಕೆಲವು ಒತ್ತಕ್ಷರಗಳನ್ನು ಕೈಯಾರೆ ತಿದ್ದಬೇಕಾಯಿತು. ಇದು ಲಿನಕ್ಸ್‌ನ ದೋಷವಲ್ಲ. ಹೊಸ ವಿಂಡೋಸ್ ಯಂತ್ರವನ್ನೇ ಕೊಂಡಿದ್ದರೂ ಆ ಅಕ್ಷರಶೈಲಿ ಅಳವಡಿಸದ ಹೊರತು ಗತಿ ಇದೇ ಆಗುತ್ತಿತ್ತು.

ಹಾಗಾದರೆ ಎಲ್ಲರೂ ಬದಲಾಯಿಸಬೇಕೆ? ಇಲ್ಲ. ಟ್ಯಾಲಿಯಲ್ಲಿ ಲೆಕ್ಕವಿಡುವ ಸಹಕಾರ ಸಂಘ, ಆಟೋಕ್ಯಾಡ್ ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿ, ಪೇಜ್‌ಮೇಕರ್ ನೆಚ್ಚಿಕೊಂಡ ಮುದ್ರಣಾಲಯ, ಇವರಿಗೆ ವಿಂಡೋಸ್ ಬಿಡುವುದು ನಷ್ಟದ ಬಾಬತ್ತು. ಆಪಲ್‌ನ ಮ್ಯಾಕ್ ಓಎಸ್ ಅಚ್ಚುಕಟ್ಟಾದುದೇ. ಆದರೆ ಅದಕ್ಕೆ ಆಪಲ್‌ನದೇ ಯಂತ್ರ ಬೇಕು. ಆ ಸಂಸ್ಥೆಯೂ 2020ರಲ್ಲಿ ಸ್ವಂತ ಚಿಪ್ ತಂದ ಮೇಲೆ ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್‌ಗಳನ್ನು ಒಂದೊಂದಾಗಿ ಕೈಬಿಡುತ್ತ ಬಂದಿದೆ. ಆದರೆ ಪಹಣಿ ನೋಡಲು, ಅಡಕೆ ಧಾರಣೆ ತಿಳಿಯಲು, ಮಕ್ಕಳ ಪಾಠಕ್ಕೆ, ಪತ್ರ ಬರೆಯಲು ಗಣಕ ಬಳಸುವ ಮನೆಗಳಿಗೆ ಹೊಸ ಯಂತ್ರ ಕೊಳ್ಳಿರೆಂದು ಹೇಳುವ ಅಂಗಡಿಯವರ ಮಾತನ್ನು ನಾನು ಒಪ್ಪಲಾರೆ. ತಿದ್ದುಪಡಿ ನಿಂತ ವಿಂಡೋಸ್‌ನಲ್ಲಿ ಬ್ಯಾಂಕಿನ ವ್ಯವಹಾರ ಮುಂದುವರಿಸುವುದನ್ನೂ ಒಪ್ಪಲಾರೆ.

ಒಂದು ಮಡಿಲಗಣಕವು ತನ್ನ ಬಾಳಿನಲ್ಲಿ ಉಂಟುಮಾಡುವ ಇಂಗಾಲದ ಹೊರೆಯ ಹೆಚ್ಚಿನ ಪಾಲು, ನಾವು ಅದನ್ನು ಚಾಲೂ ಮಾಡುವ ಮೊದಲೇ, ಕಾರ್ಖಾನೆಯಲ್ಲಿಯೇ ಸಂದಿರುತ್ತದೆ. ಹಳೆಯ ಫಲಕಗಳ ಬೆಸುಗೆಯಲ್ಲಿ ಸೀಸವಿದೆ. 2022ರ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ನಿಜ. ಆದರೆ ನಮ್ಮ ಕೇರಿಗೆ ಬರುವುದು ತಕ್ಕಡಿ ಹಿಡಿದ ಗುಜರಿಯವನು. ತಾಮ್ರಕ್ಕಾಗಿ ತಂತಿ ಸುಟ್ಟ ಬೂದಿ ಮೊದಲ ಮಳೆಗೇ ಹಳ್ಳ ಸೇರುತ್ತದೆ.

ಪ್ರಯತ್ನಿಸುವವರು ಮೊದಲು ಕಡತಗಳನ್ನೆಲ್ಲ ಬೇರೆಡೆ ಪ್ರತಿ ಮಾಡಿಟ್ಟುಕೊಳ್ಳಿ. ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಬಹುದು. ಗಣಕದಲ್ಲಿರುವ ವಿಂಡೋಸ್ ಹಾಗೆಯೇ ಇರುತ್ತದೆ. ವೈಫೈ, ಧ್ವನಿ, ಮುದ್ರಣಯಂತ್ರ ಮೂರೂ ಸರಿಯಿದ್ದರೆ ಮಾತ್ರ ಮುಂದುವರಿಯಿರಿ. ನುಡಿಯ ಹಳೆಯ ಕಡತಗಳಿದ್ದಲ್ಲಿ ಅವುಗಳ ಪರಿವರ್ತನೆಯನ್ನು ವಿಂಡೋಸ್ ಇರುವಾಗಲೇ ಮುಗಿಸಿ, ಒಂದು ಪ್ರತಿಯನ್ನು ಕಾಗದದ ಮೇಲೂ ಮುದ್ರಿಸಿಟ್ಟುಕೊಳ್ಳುವುದು ಲೇಸು.