ಗಡುವು ದಾಟಿದ ‘ಇಯರ್ ಝೀರೋ’

ಅಮೆರಿಕದ ನೈನ್ ಇಂಚ್ ನೇಲ್ಸ್ ತಂಡವು 2007ರ ಏಪ್ರಿಲ್‌ನಲ್ಲಿ ‘ಇಯರ್ ಝೀರೋ’ ಧ್ವನಿಮುದ್ರಿಕೆಯನ್ನು ಹೊರತಂದಾಗ, ಅದರ ಕಥೆ ನಡೆಯುವ 2022 ಇನ್ನೂ ಹದಿನೈದು ವರ್ಷ ದೂರವಿತ್ತು. ಆ ಗಡುವು ಈಗ ದಾಟಿದೆ. ಟ್ರೆಂಟ್ ರೆಜ್ನರ್ ಮತ್ತು ಆಟಿಕಸ್ ರಾಸ್ ಜೊತೆಗೂಡಿ ನಿರ್ಮಿಸಿದ ಈ ಎಲೆಕ್ಟ್ರಾನಿಕ್ ಸಂಗೀತದ ಭವಿಷ್ಯ ಎಷ್ಟರಮಟ್ಟಿಗೆ ನಿಜವಾಯಿತು?

ಧರ್ಮಾಂಧ ಸರ್ಕಾರ, ಪ್ರಜೆಗಳ ಮೇಲೆ ಎಡೆಬಿಡದ ಕಣ್ಗಾವಲು, ಕುಡಿಯುವ ನೀರಿಗೇ ಬೆರೆಸಿದ ಮಂಪರು ಔಷಧ - ಇದು ಅಲ್ಲಿನ ಅಮೆರಿಕ. ವಾಸ್ತವದಲ್ಲಿ ಔಷಧದ ಅಗತ್ಯವೇ ಬೀಳಲಿಲ್ಲ. ಸರ್ಕಾರಿ ಕಣ್ಗಾವಲಿನ ವ್ಯಾಪ್ತಿಯನ್ನು ಎಡ್ವರ್ಡ್ ಸ್ನೋಡೆನ್ 2013ರಲ್ಲಿ ಬಯಲಿಗೆಳೆದ ಬಳಿಕವೂ ಜನರು ತಮ್ಮ ಮಾಹಿತಿಯನ್ನು ತಾವಾಗಿಯೇ ಮೊಬೈಲ್‌ಗೆ ಒಪ್ಪಿಸುತ್ತ ಬಂದರು. (ಫೇಸ್‌ಬುಕ್ ಹುಟ್ಟಿನ ಕಥೆಯ ‘ದಿ ಸೋಷಿಯಲ್ ನೆಟ್‌ವರ್ಕ್’ ಚಿತ್ರದ ಸಂಗೀತಕ್ಕಾಗಿ 2011ರಲ್ಲಿ ಆಸ್ಕರ್ ಪಡೆದದ್ದೂ ಇದೇ ಜೋಡಿ!)

ಭವಿಷ್ಯವಾಣಿಗಿಂತ ಗಮನಾರ್ಹವಾದುದು ಕೇಳುಗರನ್ನು ಸಹಭಾಗಿಗಳನ್ನಾಗಿಸಿದ ಬಗೆ. ಬಿಡುಗಡೆಗೆ ಮುನ್ನ ಲಿಸ್ಬನ್‌ನ ಸಂಗೀತ ಕಾರ್ಯಕ್ರಮವೊಂದರ ಶೌಚಾಲಯದಲ್ಲಿ, ಹೊಸ ಹಾಡು ತುಂಬಿದ್ದ ಯುಎಸ್‌ಬಿ ಡ್ರೈವ್ ಅನ್ನು ಬೇಕೆಂದೇ ಬಿಡಲಾಗಿತ್ತು. ಅಂತರ್ಜಾಲದಲ್ಲಿ ಚದುರಿದ್ದ ಸುಳಿವುಗಳನ್ನು ಕೂಡಿಸಿ ಕಥೆಯನ್ನು ಬಿಡಿಸಿದವರು ಅಭಿಮಾನಿಗಳು. ಮುಂದೆ ವಾದ್ಯ, ಗಾಯನಗಳ ಬಿಡಿ ಫೈಲ್‌ಗಳನ್ನೂ ಅವರ ಕೈಗಿತ್ತ ರೆಜ್ನರ್, ಹಾಡುಗಳನ್ನು ಮರುಸಂಯೋಜಿಸಲು ಆಹ್ವಾನಿಸಿದರು.

ಇದಕ್ಕೆ ಅಡ್ಡಿ ಬಂದದ್ದು ಸರ್ಕಾರವಲ್ಲ, ಸಂಗೀತ ಕಂಪನಿ. ಮರುಸಂಯೋಜನೆಗಳಲ್ಲಿ ಅನ್ಯರ ಹಕ್ಕಿನ ಸಂಗೀತ ನುಸುಳೀತೆಂದು ಅಂಜಿದ ಯೂನಿವರ್ಸಲ್, ಅವುಗಳ ತಾಣ ನಡೆಸಲು ಒಪ್ಪಲಿಲ್ಲ. ಹಕ್ಕುಸ್ವಾಮ್ಯ ಉಲ್ಲಂಘನೆಯ ಇಂಥದೇ ಆರೋಪ ಹೊರಿಸಿ ಅದು ಮೈಸ್ಪೇಸ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತ್ತು. ಅಕ್ಟೋಬರ್‌ನಲ್ಲಿ ಕಂಪನಿಯ ಕರಾರಿನಿಂದ ಮುಕ್ತನಾದೆನೆಂದು ಘೋಷಿಸಿದ್ದ ರೆಜ್ನರ್, ನವೆಂಬರ್‌ನಲ್ಲಿ ತಾವೇ ತಾಣ ತೆರೆದರು.